ಲೆಕ್ಕದ ಮೇಜಿನಿಂದ ವಕೀಲರ ಅಂಗಳಕ್ಕೆ: ಆರ್ಥರ್ ಆಂಡರ್ಸನ್

ಜಗತ್ತಿನ ವಕೀಲರ ಸಂಸ್ಥೆಗಳ ನಿದ್ದೆಗೆಡಿಸಿದ ಹೆಸರು ಒಬ್ಬ ಲೆಕ್ಕಪರಿಶೋಧಕರದು. ಆರ್ಥರ್ ಆಂಡರ್ಸನ್ 1885ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪ್ಲಾನೋದಲ್ಲಿ, ನಾರ್ವೆಯಿಂದ ವಲಸೆ ಬಂದ ದಂಪತಿಗೆ ಜನಿಸಿದರು. ಹದಿಹರೆಯದಲ್ಲೇ ಅನಾಥರಾಗಿ, ಹಗಲು ಕಂಪನಿಯೊಂದರಲ್ಲಿ ಟಪಾಲು ಹಂಚಿ ರಾತ್ರಿ ಓದಿದರು.

1913ರಲ್ಲಿ ಷಿಕಾಗೋದಲ್ಲಿ ಪಾಲುದಾರರೊಬ್ಬರೊಡನೆ ಸಂಸ್ಥೆ ತೆರೆದರು. ಅದೇ ವರ್ಷ ಅಮೆರಿಕದಲ್ಲಿ ಆದಾಯ ತೆರಿಗೆ ಮರಳಿ ಜಾರಿಗೆ ಬಂತು. ತೆರಿಗೆ ಕಾಯಿದೆಯನ್ನು ಬಿಡಿಸಿ ಹೇಳುವ ಕೆಲಸ ವಕೀಲರ ಸ್ವತ್ತಾಗಿ ಉಳಿಯಲಿಲ್ಲ. ಆರಂಭದ ದಿನಗಳಲ್ಲಿ ರೈಲ್ವೆ ಕಂಪನಿಯೊಂದರ ಮುಖ್ಯಸ್ಥರು ತಮಗೆ ಬೇಕಾದಂತೆ ಲೆಕ್ಕ ಒಪ್ಪಬೇಕೆಂದು ಪಟ್ಟು ಹಿಡಿದರು. ಕೈಯಲ್ಲಿ ಕಾಸಿಲ್ಲದಿದ್ದರೂ ಆಂಡರ್ಸನ್ ಒಪ್ಪಲಿಲ್ಲ. ಕಕ್ಷಿದಾರ ಕೈತಪ್ಪಿತು; ಕೆಲವೇ ತಿಂಗಳಲ್ಲಿ ಆ ಕಂಪನಿಯೇ ದಿವಾಳಿಯಾಯಿತು.

1947ರಲ್ಲಿ ಅವರು ನಿಧನರಾದರು. 1990ರ ದಶಕದಲ್ಲಿ ಉತ್ತರಾಧಿಕಾರಿಗಳು ಆಂಡರ್ಸನ್ ಲೀಗಲ್ ಎಂಬ ಜಾಲ ಹೆಣೆದು, ಹಲವು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ವಕೀಲರನ್ನು ಕಲೆಹಾಕಿದರು. ವಕೀಲರು ಕಕ್ಷಿದಾರರ ಗುಟ್ಟು ಕಾಯಬೇಕು, ಲೆಕ್ಕಪರಿಶೋಧಕರು ಸತ್ಯವನ್ನು ಹೊರಗೆಡಹಬೇಕು. ಇವೆರಡೂ ಒಂದೇ ಸೂರಿನಡಿ ಬಾಳುವುದೆಂತು? ವಕೀಲ ವೃಂದದ ಈ ಆಕ್ಷೇಪ ಕೇವಲ ಹೊಟ್ಟೆಕಿಚ್ಚಿನದಾಗಿರಲಿಲ್ಲ.

ಉತ್ತರ ಬರುವ ಮುನ್ನವೇ ಎನ್ರಾನ್ ಕಡತಗಳನ್ನು ನಾಶಪಡಿಸಿದ ಪ್ರಕರಣದಲ್ಲಿ ಸಂಸ್ಥೆ 2002ರಲ್ಲಿ ಕುಸಿಯಿತು. ವಕೀಲರ ಜಾಲವೂ ಚದುರಿತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಅಷ್ಟರಲ್ಲಿ ವಕೀಲರು, ಲೆಕ್ಕಪರಿಶೋಧಕರು ಬಹುತೇಕ ಪ್ರತಿಸ್ಪರ್ಧಿ ಸಂಸ್ಥೆಗಳ ಬಾಗಿಲು ಸೇರಿದ್ದರು.