ಹೊಲ ಉಳಿದವನು

ಕಳೆದ ಸಂಚಿಕೆಯಲ್ಲಿ ನನ್ನದೊಂದು ಕವಿತೆ ಬಂದಿತ್ತು. ಹೊಲ ಮುಳುಗಡೆಯಾಗಿ, ಎತ್ತು ಹೊಡಕೊಂಡು ಊರು ಬಿಡುವ ರೈತನೊಬ್ಬ ಅದರಲ್ಲಿ ನಾನು, ನನ್ನದು ಅಂತ ಮಾತಾಡುತ್ತಾನೆ. ಓದಿದ ಗೆಳೆಯರು ಮೆಸ್ಸಿನಲ್ಲಿ ಹೆಗಲ ಮೇಲೆ ಕೈಯಿಟ್ಟು, ಪಾಪ, ಎಷ್ಟು ಎಕರೆ ಹೋಯಿತೋ ಎಂದು ಕೇಳಿದರು. ನಾನು ಸುಮ್ಮನಿದ್ದುಬಿಟ್ಟೆ. ಅದು ಒಳಗೇ ಕುಟುಕುತ್ತಿದ್ದಾಗ ಲೈಬ್ರರಿಯಲ್ಲಿ ವರ್ಜಿಲ್ ಸಿಕ್ಕಿದ. ‘ಈನಿಯಡ್’ ಬರೆದ ರೋಮಿನ ಮಹಾಕವಿ ಅನ್ನುವುದು ನಮಗೆಲ್ಲ ಗೊತ್ತು. ನಾನು ಹೇಳಹೊರಟದ್ದು ಅದಕ್ಕೂ ಮುಂಚಿನ ವರ್ಜಿಲನ ಕಥೆ.

ಕ್ರಿ.ಪೂ. 70ರಲ್ಲಿ ಉತ್ತರ ಇಟಲಿಯ ಮಾಂಟುವಾ ಹತ್ತಿರದ ಆಂಡೀಸ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಕ್ರೆಮೋನಾ, ಮಿಲಾನ್, ರೋಮ್ ಅಂತ ಓದಲು ಅಲೆದ. ವಕೀಲಿಗೆಂದು ಒಂದೇ ಒಂದು ಸಲ ಕೋರ್ಟಿನಲ್ಲಿ ನಿಂತನಂತೆ, ಅಷ್ಟೇ. ಎತ್ತರದ ಆಳು, ಕಪ್ಪು ಮೈಬಣ್ಣ, ಹಳ್ಳಿಯವನ ಚಹರೆ. ಹೆಸರು ಬಂದ ಮೇಲೂ ರೋಮಿನ ಬೀದಿಯಲ್ಲಿ ಜನ ಗುರುತು ಹಿಡಿದರೆ ಹತ್ತಿರದ ಮನೆಯೊಳಗೆ ನುಗ್ಗಿಬಿಡುತ್ತಿದ್ದನಂತೆ. ನಮ್ಮ ಪೈಕಿಯವನೇ ಮಾರಾಯ್ರೆ.

ಕ್ರಿ.ಪೂ. 42ರಲ್ಲಿ ಫಿಲಿಪ್ಪಿಯ ಯುದ್ಧ ಮುಗಿಯಿತು. ಗೆದ್ದವರು ತಮ್ಮ ಸಿಪಾಯಿಗಳಿಗೆ ಜಮೀನು ಕೊಡಬೇಕಿತ್ತು. ಆ ಕೆಲಸ ಮುಂದೆ ಅಗಸ್ಟಸ್ ಆದ ಆಕ್ಟೇವಿಯನ್‌ನ ಪಾಲಿಗೆ ಬಂತು. ಕ್ರೆಮೋನಾದ ನೆಲ ಸಾಲದೆ ಪಕ್ಕದ ಮಾಂಟುವಾದ್ದನ್ನೂ ಕಿತ್ತುಕೊಂಡರು. ಈ ಗಲಾಟೆಯ ಕಾಲದಲ್ಲೇ ವರ್ಜಿಲ್ ‘ಎಕ್ಲಾಗ್ಸ್’ ಎಂಬ ಹತ್ತು ಕುರುಬರ ಕವಿತೆಗಳನ್ನು ಬರೆದ. ಮಾದರಿ ಗ್ರೀಕ್ ಕವಿ ಥಿಯೋಕ್ರಿಟಸ್‌ನದು. ಕುರುಬರ ಹೆಸರುಗಳೂ ಗ್ರೀಕಿನವೇ.

ಮೊದಲನೆಯದರಲ್ಲಿ ಇಬ್ಬರಿದ್ದಾರೆ. ಟಿಟಿರಸ್ ಮರದ ನೆರಳಲ್ಲಿ ಬಿದ್ದುಕೊಂಡು ಕೊಳಲೂದುತ್ತಾನೆ. ರೋಮಿಗೆ ಹೋಗಿ, ದೇವರಂಥ ಒಬ್ಬ ತರುಣನನ್ನು ಕಂಡು, ಹೊಲ ಉಳಿಸಿಕೊಂಡು ಬಂದವನು ಅವನು. ಮೆಲಿಬಿಯಸ್‌ನದು ಹೋಗಿದೆ. ಆಡುಗಳನ್ನು ಹೊಡೆದುಕೊಂಡು ಹೊರಟಿದ್ದಾನೆ. ಈಗತಾನೇ ಈದ ಒಂದು ಆಡು ತನ್ನ ಅವಳಿ ಮರಿಗಳನ್ನು ಬರೀ ಕಲ್ಲಿನ ಮೇಲೆ ಬಿಟ್ಟು ಬಂದಿದೆ.

ಹಳೆಯ ಜೀವನಚರಿತ್ರೆಕಾರರು ಟಿಟಿರಸ್ ಅಂದರೆ ವರ್ಜಿಲನೇ ಎಂದು ಹಿಡಿದು, ಅವನ ಹೊಲ ಹೋಯಿತು, ತಿರುಗಿ ಬಂತು ಎಂದು ಬರೆದಿಟ್ಟರು. ಕವಿತೆಯಿಂದ ಬದುಕನ್ನು ಕಟ್ಟುವುದು, ಆಮೇಲೆ ಆ ಬದುಕಿನಿಂದ ಕವಿತೆಯನ್ನು ವಿವರಿಸುವುದು! ಆದರೆ ಟಿಟಿರಸ್ ಗಡ್ಡ ನರೆತ ಮುದುಕ, ಜೀತದಿಂದ ಬಿಡುಗಡೆಯಾದವನು. ವರ್ಜಿಲನಿಗೆ ಆಗ ಮೂವತ್ತರ ಆಸುಪಾಸು. ಜೀತ ಅವನು ಕಂಡದ್ದಲ್ಲ. ಭಾಷ್ಯಕಾರ ಸರ್ವಿಯಸ್ ಜಾಣ: ಟಿಟಿರಸ್ ಎಂದಲ್ಲೆಲ್ಲ ವರ್ಜಿಲ್ ಎಂದುಕೊಳ್ಳಬೇಡಿ, ಸಂದರ್ಭ ಕೇಳಿದ ಕಡೆ ಮಾತ್ರ ಎಂದ. ಕವಿಯೂ ಕಡಿಮೆಯವನಲ್ಲ. ಐದನೆಯ ಕವಿತೆಯಲ್ಲಿ ಮೆನಾಲ್ಕಸ್ ಎಂಬ ಕುರುಬ ವರ್ಜಿಲನದೇ ಎರಡು ಕವಿತೆಗಳನ್ನು ತನ್ನವೆನ್ನುತ್ತಾನೆ. ಆರನೆಯದರಲ್ಲಿ ಅಪೊಲೊ ದೇವರು ಕವಿಯನ್ನೇ ಟಿಟಿರಸ್ ಎಂದು ಕರೆಯುತ್ತಾನೆ. ಒಂಬತ್ತನೆಯದಕ್ಕೆ ಬಂದರೆ, ಮೆನಾಲ್ಕಸ್ ಹಾಡಿನಿಂದ ಊರಿನ ಹೊಲಗಳನ್ನು ಉಳಿಸಿದ ಅನ್ನುವ ಸುದ್ದಿಯೇ ಸುಳ್ಳು. ಹೊಲ ಹೋಗಿದೆ, ಹಾಡುಗಳೂ ಮರೆತುಹೋಗುತ್ತಿವೆ.

ಆಮೇಲಿನ ವರ್ಜಿಲ್ ಅಗಸ್ಟಸ್‌ಗೆ ಬೇಕಾದವನಾದ, ದಕ್ಷಿಣದ ನೇಪಲ್ಸ್ ಕಡೆ ನೆಲೆಸಿದ. ಕ್ರಿ.ಪೂ. 29ರ ಹೊತ್ತಿಗೆ ಮುಗಿದ ‘ಜಾರ್ಜಿಕ್ಸ್’ನ ಕೊನೆಯಲ್ಲಿ ಮಾತ್ರ ತನ್ನ ಹೆಸರು ಹೇಳಿ, ಹರೆಯದಲ್ಲಿ ಟಿಟಿರಸ್‌ನನ್ನು ಹಾಡಿದವನು ತಾನು ಎನ್ನುತ್ತಾನೆ. ಗಮನಿಸಿ: ಹಾಡಿದವನು, ತಾನೇ ಅವನು ಎನ್ನಲಿಲ್ಲ. ಕ್ರಿ.ಪೂ. 19ರಲ್ಲಿ ಬ್ರಂಡಿಸಿಯಮ್ ಬಂದರಿನಲ್ಲಿ ತೀರಿಕೊಂಡ. ‘ಈನಿಯಡ್’ ಸುಡಬೇಕೆಂದಿದ್ದನಂತೆ, ಅಗಸ್ಟಸ್ ಸುಡಗೊಡಲಿಲ್ಲ.

ನನ್ನನ್ನು ಕಾಡುವುದು ಮೊದಲನೆಯ ಕವಿತೆಯೇ. ಅಲ್ಲಿ ಎದೆ ಹಿಂಡುವ ಮಾತೆಲ್ಲ ಕಳಕೊಂಡವನ ಬಾಯಲ್ಲಿದೆ. ಉಳಿದವನು ಕೊನೆಗೆ ಅವನಿಗೆ ಕೊಡುವುದು ಒಂದು ರಾತ್ರಿಯ ಹಾಸಿಗೆ, ಹಣ್ಣು, ಚೆಸ್ಟ್‌ನಟ್, ಗಿಣ್ಣು. ಅಷ್ಟು ಹೊತ್ತಿಗೆ ದೂರದ ಮನೆಗಳಿಂದ ಹೊಗೆ ಏಳುತ್ತಿದೆ.

ಗೆಳೆಯರೇ, ನಮ್ಮ ಹೊಲ ದಿಬ್ಬದ ಮೇಲಿತ್ತು, ಉಳಿಯಿತು. ಮುಳುಗಿದ್ದು ಕಾಕಾನದು. ಊರು ಬಿಡುವ ಹಿಂದಿನ ರಾತ್ರಿ ಅವರೆಲ್ಲ ನಮ್ಮ ಪಡಸಾಲೆಯಲ್ಲಿ ಮಲಗಿದ್ದರು. ಅವ್ವ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಟ್ಟಳು. ಬೆಳಿಗ್ಗೆ ಟ್ರಾಕ್ಟರ್ ಹೊರಡುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕವಿತೆಯಲ್ಲಿ ಆ ಬಾಗಿಲು ಇಲ್ಲ.