ಕಡಲಿನ ಹೊಟ್ಟೆ ಅಳೆದ ರೋಜರ್ ರೆವೆಲ್

ಕಡಲಿನ ಹೊಟ್ಟೆಗೆ ಎಷ್ಟು ಹಾಕಿದರೂ ಹಿಡಿಸುತ್ತದೆ ಅನ್ನೋ ನಂಬಿಕೆ 1950ರ ಸುಮಾರಿಗೆ ಬಹುಪಾಲು ವಿಜ್ಞಾನಿಗಳಿಗೂ ಇತ್ತು. ಕಲ್ಲಿದ್ದಲು, ಎಣ್ಣೆ ಸುಟ್ಟು ಬರುವ ಇಂಗಾಲದ ಡೈಆಕ್ಸೈಡನ್ನೆಲ್ಲ ಕಡಲೇ ಕುಡಿದುಬಿಡುತ್ತದೆ, ಚಿಂತೆಯೇಕೆ ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಕೆಡಿಸಿದವನು ರೋಜರ್ ರೆವೆಲ್.

ಈತ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಕಾಲೇಜಿನಲ್ಲಿ ಓದಿದ್ದು ಭೂವಿಜ್ಞಾನ. ಆಮೇಲೆ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರ ಸಂಸ್ಥೆ ಸೇರಿ, ಕಡಲತಳದ ಕೆಸರಿನ ಮೇಲೆ ಕೆಲಸ ಮಾಡಿ 1936ರಲ್ಲಿ ಡಾಕ್ಟರೇಟು ಪಡೆದ. ಕೆಸರಿಗೂ ಡಾಕ್ಟರೇಟೇ ಎಂದು ನಗಬೇಡಿ, ಉಪ್ಪುನೀರಿನಲ್ಲಿ ಇಂಗಾಲದ ವರ್ತನೆ ಏನೆಂದು ಈತ ಕಲಿತದ್ದೇ ಅಲ್ಲಿ. ಮುಂದೆ ಅದೇ ಸಂಸ್ಥೆಗೆ ನಿರ್ದೇಶಕನೂ ಆದ.

1955ರಲ್ಲಿ ಅಮೆರಿಕದ ನೌಕಾಪಡೆ ಪೆಸಿಫಿಕ್‌ನ ಆಳದಲ್ಲಿ ಅಣುಬಾಂಬು ಸಿಡಿಸಿತು. ವಿಕಿರಣ ತುಂಬಿದ ನೀರು ಮೇಲೆ ಕೆಳಗೆ ಬೆರೆಯದೆ, ತೆಳು ಹಾಳೆಯ ಹಾಗೆ ಅಗಲಕ್ಕೆ ಹರಡಿತಂತೆ. ಕಡಲಿನ ಪದರಗಳು ಅಷ್ಟು ಸುಲಭಕ್ಕೆ ಕೂಡೋದಿಲ್ಲ!

1957ರಲ್ಲಿ ಹಾನ್ಸ್ ಸ್ಯೂಸ್ ಜತೆ ಬರೆದ ಲೇಖನವೇ ಮುಖ್ಯವಾದದ್ದು. ಗಾಳಿಯ ಅನಿಲ ಹತ್ತು ವರ್ಷದೊಳಗೆ ನೀರಿಗಿಳಿಯುತ್ತದೆ ಎಂದು ಇಬ್ಬರೂ ಕಂಡರು. ಹಾಗಾದರೆ ಸಮಸ್ಯೆ ತೀರಿತಲ್ಲ? ಇಲ್ಲ. ಕರಡಿಗೆ ಆಮೇಲೆ ಸೇರಿಸಿದ ಒಂದು ಪ್ಯಾರಾದಲ್ಲಿ ರೆವೆಲ್ ಬೇರೆಯೇ ಮಾತು ಹೇಳಿದ. ಕಡಲನೀರಿನ ರಸಾಯನದ ಗುಣದಿಂದ ಇಳಿದದ್ದರಲ್ಲಿ ಬಹುಪಾಲು ಮತ್ತೆ ಹೊರಬರುತ್ತದೆ. ಗಾಳಿಯಲ್ಲಿ ಅನಿಲ ನೂರಕ್ಕೆ 10 ಏರಿದರೆ ಮೇಲ್ಪದರದ ನೀರಿನಲ್ಲಿ ಇಂಗಾಲ ಏರುವುದು ನೂರಕ್ಕೆ 1ರಷ್ಟೇ.

ಆಳದಲ್ಲಿ ಜಾಗವಿದೆ, ಬೇಕಾದಷ್ಟಿದೆ. ವಾತಾವರಣದ ಸುಮಾರು 50 ಪಾಲು ಇಂಗಾಲ ಕಡಲಿನಲ್ಲಿದೆ. ಆದರೆ ಮೇಲಿನ ನೀರು ತಳಕ್ಕಿಳಿಯುವುದು ಉತ್ತರ ಅಟ್ಲಾಂಟಿಕ್, ಅಂಟಾರ್ಕ್ಟಿಕದ ಅಂಚು, ಇಂಥ ಕೆಲವೇ ತಣ್ಣನೆಯ ಕಡೆ. ಇಳಿದ ನೀರು ಕತ್ತಲಲ್ಲಿ ತೆವಳಿ ಮತ್ತೆ ಬೆಳಕು ಕಾಣಲು ನೂರಾರು, ಕೆಲವೆಡೆ ಸಾವಿರ ವರ್ಷ ಬೇಕು. ದಾದರಿನಲ್ಲಿ ಲೋಕಲ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಳಗೆ ಖಾಲಿ, ಬಾಗಿಲಲ್ಲಿ ನೂಕುನುಗ್ಗಲು.

ಹಾಗಾದರೆ ಗಾಳಿಯಲ್ಲಿ ಅನಿಲ ಉಳಿದುಕೊಳ್ಳುತ್ತಿರಬೇಕು. ಅಳೆದು ನೋಡಲೆಂದು ರೆವೆಲ್ ಚಾರ್ಲ್ಸ್ ಕೀಲಿಂಗ್ ಎಂಬ ತರುಣನನ್ನು ಕೆಲಸಕ್ಕೆ ಕರೆಸಿಕೊಂಡ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಹತ್ತು ಲಕ್ಷಕ್ಕೆ ಸುಮಾರು 315 ಪಾಲು ಇದ್ದದ್ದು 2023ರಲ್ಲಿ 421 ಆಯಿತು. ನಾವು ಬಿಡುವುದರಲ್ಲಿ ಕಡಲು ತೆಗೆದುಕೊಳ್ಳುವುದು ಕಾಲುಭಾಗದಷ್ಟು.

ಸಾನ್ ಡಿಯಾಗೋ ವಿಶ್ವವಿದ್ಯಾಲಯ ಕಟ್ಟಲು ಹೆಣಗಿದವನಿಗೆ ಅದರ ಮೊದಲ ಕುಲಪತಿ ಪಟ್ಟ ಸಿಗಲಿಲ್ಲ. 1964ರಲ್ಲಿ ಹಾರ್ವರ್ಡಿಗೆ ಹೋದ. ನಮ್ಮ 10+2+3 ಪದ್ಧತಿಯನ್ನು ಸೂಚಿಸಿದ ಕೊಠಾರಿ ಆಯೋಗದಲ್ಲೂ ಈತ ಸದಸ್ಯನಾಗಿದ್ದ ಅಂದರೆ ನಂಬುತ್ತೀರಾ?

1991ರ ಜುಲೈಯಲ್ಲಿ ತೀರಿಕೊಂಡ. ಆ ಹತ್ತಕ್ಕೊಂದರ ಲೆಕ್ಕಕ್ಕೆ ಈಗ ರೆವೆಲ್ ಫ್ಯಾಕ್ಟರ್ ಎಂದೇ ಹೆಸರು. ಕಡಲು ಕುಡಿದಷ್ಟೂ ಆ ಅಂಕಿ ಏರುತ್ತದೆ, ಮುಂದಿನ ಗುಟುಕು ಇನ್ನೂ ಚಿಕ್ಕದಾಗುತ್ತದೆ.