ಡಿಗ್ರಿಯಲ್ಲಿ ಅಂಕ ಕಡಿಮೆ ಬಂತಾ? ಸುಬ್ಬರಾವ್ ಕಥೆ ಕೇಳಿ

ಬಿ.ಎಸ್ಸಿ. ಮುಗಿದಿದೆ. ಅಂಕಪಟ್ಟಿ ಮಾತ್ರ ಯಾರಿಗೂ ತೋರಿಸೋ ಹಾಗಿಲ್ಲ. ರಾವೂರಿನಿಂದ ದಿನಾ ಬಸ್ಸು ಹಿಡಿದು ಕಲಬುರಗಿಯ ಕಾಲೇಜಿಗೆ ಹೋಗಿ, ಸಂಜೆ ಬಂದು ಅವ್ವನ ಜೊತೆ ರೊಟ್ಟಿ ಬಡಿದು, ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆರೆದವರು ನೀವು. ಡಾಕ್ಟರ್ ಆಗಬೇಕೆಂಬ ಆಸೆ ಒಳಗೇ ಉಳಿದಿದೆ. ಬಾಯಿಬಿಟ್ಟು ಹೇಳಿದರೆ, ಡಿಗ್ರಿಯಲ್ಲೇ ಇಷ್ಟು, ಇನ್ನು ಮೆಡಿಕಲ್ ಎಲ್ಲಿಂದ ಅಂತ ಮನೆಯವರೇ ನಗ್ತಾರೆ. ಹೌದಲ್ವಾ? ಹಾಗಾದರೆ ಯಲ್ಲಾಪ್ರಗಡ ಸುಬ್ಬರಾವ್ ಅವರ ಬದುಕನ್ನು ಒಮ್ಮೆ ನೋಡಿ.

ಬಯೋಕೆಮಿಸ್ಟ್ರಿ ಓದಿದ್ದರೆ ಫಿಸ್ಕೆ-ಸುಬ್ಬರಾವ್ ವಿಧಾನದ ಹೆಸರು ಕೇಳಿರ್ತೀರಿ. ಆ ಸುಬ್ಬರಾವ್ ಇವರೇ. ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮಾವರದಲ್ಲಿ. ತಂದೆ ಕಾಯಿಲೆಯಿಂದ ಕೆಲಸ ಬಿಟ್ಟಿದ್ದರು. ಏಳು ಮಕ್ಕಳ ಸಂಸಾರ ತಾಯಿ ವೆಂಕಮ್ಮನ ಹೆಗಲ ಮೇಲಿತ್ತು. ಹುಡುಗ ಓದಿನಲ್ಲಿ ಚುರುಕೇನೂ ಅಲ್ಲ. ಹದಿಮೂರರ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆಬಿಟ್ಟು ಹೊರಟ. ತಾಯಿ ಹಿಡಿದು ತಂದು ಮತ್ತೆ ಶಾಲೆಗೆ ಕೂರಿಸಿದರು. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲ್! ಆ ತಾಯಿ ಒಡವೆ ಮಾರಿ ಓದಿಸಿದರು. ಮೂರನೇ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸಾಯಿತು.

ಮುಂದೆ ಪ್ರೆಸಿಡೆನ್ಸಿ ಕಾಲೇಜು. ಗಣಿತ ಇಷ್ಟವಾಯಿತು, ಜೊತೆಗೆ ರಾಮಕೃಷ್ಣ ಮಠ ಸೇರಿ ಸನ್ಯಾಸಿಯಾಗುವ ಹಂಬಲ. ತಾಯಿ ಒಪ್ಪಲಿಲ್ಲ. ಜನಸೇವೆಯನ್ನು ವೈದ್ಯನಾಗಿಯೂ ಮಾಡಬಹುದೆಂಬ ಯೋಚನೆ ಮೂಡಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗೆಳೆಯರು ಮತ್ತು ಮಾವ ಕಸ್ತೂರಿ ಸೂರ್ಯನಾರಾಯಣಮೂರ್ತಿ ಖರ್ಚಿಗೆ ನೆರವಾದರು. ಅವರ ಮಗಳು ಶೇಷಗಿರಿಯೊಂದಿಗೆ ಸುಬ್ಬರಾವ್ ಮದುವೆಯಾಗಿತ್ತು.

ಅಲ್ಲೂ ಎಡವಿದರು. ಸ್ವದೇಶಿ ಚಳವಳಿಯ ದಿನಗಳು. ಸುಬ್ಬರಾವ್ ಖಾದಿ ಗೌನು ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಬ್ರಿಟಿಷ್ ಪ್ರೊಫೆಸರ್‌ಗೆ ಸಿಟ್ಟು ಬಂತು. ಉಳಿದ ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದರೂ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ. ಸರ್ಕಾರಿ ವೈದ್ಯ ಸೇವೆಗೆ ಅರ್ಜಿ ಹಾಕಿದರೆ ಕೆಲಸ ಸಿಗಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪಾಠ ಹೇಳುವ ಕೆಲಸಕ್ಕೆ ಸೇರಿದರು.

ಇದೇ ಹೊತ್ತಿಗೆ ಮನೆಯಲ್ಲಿ ದೊಡ್ಡ ಪೆಟ್ಟು ಬಿದ್ದಿತ್ತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಬಲಿಯಾದರು. ಸುಬ್ಬರಾವ್‌ಗೂ ಅದೇ ಕಾಯಿಲೆ ತಗುಲಿತು. ಡಾ. ಆಚಂಟ ಲಕ್ಷ್ಮೀಪತಿ ಅವರ ಆಯುರ್ವೇದ ಚಿಕಿತ್ಸೆಯಿಂದ ಬದುಕಿಕೊಂಡರು. ಈ ಕಾಯಿಲೆಗಳಿಗೆ ಔಷಧಿ ಹುಡುಕಲೇಬೇಕೆಂಬ ಹಟ ಆಗ ಹುಟ್ಟಿತು.

ಹಾರ್ವರ್ಡ್‌ನ ಉಷ್ಣವಲಯ ವೈದ್ಯ ಶಾಲೆಗೆ ಅರ್ಜಿ ಹಾಕಿದರು. ಪ್ರವೇಶ ಸಿಕ್ಕಿತು, ವಿದ್ಯಾರ್ಥಿವೇತನ ಸಿಗಲಿಲ್ಲ. ಕಾಕಿನಾಡದ ಒಂದು ದತ್ತಿ ಮತ್ತು ಮಾವನ ದುಡ್ಡಿನಲ್ಲಿ ಹಡಗು ಹತ್ತಿ 1923ರ ಅಕ್ಟೋಬರಿನಲ್ಲಿ ಬಾಸ್ಟನ್ ತಲುಪಿದರು. ಎಲ್.ಎಂ.ಎಸ್. ಪದವಿಗೆ ಅಲ್ಲಿನ ಆಸ್ಪತ್ರೆಗಳಲ್ಲಿ ಡಾಕ್ಟರ್ ಕೆಲಸ ಎಲ್ಲಿ ಬರಬೇಕು? ರಾತ್ರಿ ಪಾಳಿಯಲ್ಲಿ ರೋಗಿಗಳ ಬೆಡ್‌ಪ್ಯಾನ್ ತೊಳೆದು ಹೊಟ್ಟೆ ಹೊರೆದರು. ಹಗಲು ಓದು. 1924ರಲ್ಲಿ ಡಿಪ್ಲೊಮಾ, 1930ರಲ್ಲಿ ಪಿಎಚ್.ಡಿ. ನಡುವೆ ಸೈರಸ್ ಫಿಸ್ಕೆ ಜೊತೆ ಸೇರಿ ರಕ್ತ, ಮೂತ್ರದಲ್ಲಿನ ರಂಜಕದ ಪ್ರಮಾಣ ಅಳೆಯುವ ವಿಧಾನ ಕಂಡುಹಿಡಿದರು. ನಮ್ಮ ಸ್ನಾಯುಗಳಿಗೆ ಶಕ್ತಿ ಕೊಡುವ ಎಟಿಪಿಯ ಶೋಧದಲ್ಲೂ ಅವರ ಪಾಲಿದೆ.

1940ರಲ್ಲಿ ಲೆಡರ್ಲಿ ಔಷಧಿ ಕಂಪನಿ ಸೇರಿದರು. ಇಲ್ಲಿಂದ ಅವರ ಕೆಲಸ ನಿಮ್ಮ ಊರಿಗೂ ಬಂತು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಇರುತ್ತೆ ನೋಡಿ, ಅದನ್ನು 1945ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅವರ ತಂಡ. ಆನೆಕಾಲು ರೋಗ ತಡೆಯಲು ಕಲಬುರಗಿ ಜಿಲ್ಲೆಯ ಊರೂರಲ್ಲಿ ಮನೆಮನೆಗೆ ಬಂದು ನುಂಗಿಸಿದ ಡಿಇಸಿ ಮಾತ್ರೆಯೂ ಅವರ ತಂಡದ್ದೇ. ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲ ಬಾರಿ ಫಲ ಕೊಟ್ಟ ಅಮಿನೊಪ್ಟೆರಿನ್ ಔಷಧಿಯೂ ಅಲ್ಲಿಂದಲೇ ಬಂತು. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು.

ಒಂದು ವಿಷಯ ಮುಚ್ಚಿಡಬಾರದು. ಹೊರಟ ಮೇಲೆ ಅವರು ಭಾರತಕ್ಕೆ ಮರಳಲೇ ಇಲ್ಲ. ಶೇಷಗಿರಿ ಕಾಯುತ್ತಲೇ ಉಳಿದರು. ಒಬ್ಬರ ಸಾಧನೆಯ ಬೆಲೆಯನ್ನು ಮನೆಯ ಹೆಂಗಸು ತೆತ್ತ ಕಥೆಯೂ ಇದರಲ್ಲಿದೆ. ವೆಂಕಮ್ಮ, ಶೇಷಗಿರಿ ಇಬ್ಬರನ್ನೂ ನೆನೆಯದೆ ಸುಬ್ಬರಾವ್ ಅವರನ್ನಷ್ಟೇ ಹೊಗಳುವುದು ಸರಿಯಲ್ಲ. ಈಗ ನಿಮ್ಮ ಸರದಿ. ನಿಮಗಾಗಿ ಒಡವೆ ಅಡವಿಡೋದು ಬೇಡ, ಎರಡು ವರ್ಷದ ಸಮಯ ಕೊಡಿ ಅಂತ ಮನೆಯಲ್ಲಿ ಕೇಳಬಹುದಲ್ವಾ?

ಹಾಗಾದರೆ ಏನು ಮಾಡಬೇಕು? ಎಂ.ಬಿ.ಬಿ.ಎಸ್. ಸೀಟು ನೀಟ್ ರ‍್ಯಾಂಕಿನ ಮೇಲೆ ಸಿಗುತ್ತೆ. ನಿಮ್ಮ ಬಿ.ಎಸ್ಸಿ. ಅಂಕವನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯೋದಿಲ್ಲ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಪಾಸಾಗಿರಬೇಕು. ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ಅಡಿ ಮೀಸಲಾತಿಯೂ ಇದೆ. ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಕಚೇರಿ ಅಲೆಯೋದು ತಪ್ಪುತ್ತೆ.

ಡಿಗ್ರಿಯಲ್ಲಿ ಅಂಕ ಯಾಕೆ ಕಡಿಮೆಯಾಯಿತು ಅಂತ ಒಂದು ಹಾಳೆಯಲ್ಲಿ ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಇಂಗ್ಲಿಷ್ ಭಯವಾ, ಓದಲು ಹೊತ್ತು ಸಿಗಲಿಲ್ಲವಾ, ವಿಷಯವೇ ತಲೆಗೆ ಹೋಗಲಿಲ್ಲವಾ? ಕಾರಣ ತಿಳಿಯದೆ ಕೋಚಿಂಗ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಪಿ.ಯು.ಸಿ. ಪುಸ್ತಕ ಮೊದಲಿನಿಂದ ಓದಿ. ಸೀಟು ಸಿಕ್ಕೇ ಸಿಗುತ್ತೆ ಅಂತ ಯಾರೂ ಭರವಸೆ ಕೊಡಲಾರರು. ಆದರೆ ಎರಡು ಸಲ ಫೇಲಾದ ಮಗನನ್ನು ವೆಂಕಮ್ಮ ಮೂರನೇ ಸಲವೂ ಪರೀಕ್ಷೆಗೆ ಕೂರಿಸಿದ್ದರು. ನೀವಿನ್ನೂ ಒಂದು ಸಲವೂ ಬರೆದಿಲ್ಲವಲ್ಲ?